ಆರನೆಯ ಅಂಕಿಯ ಮೃಗ

"ಎರಡನೇ ಅಂಕಿಗೆ ಹಾಕಿದ್ದು ಬೇಡ, ತೆಗಿ ಅದನ್ನ," ಎಂದ ಭಾಸ್ಕರ, ಕಣ್ಣು ಮುಚ್ಚಿಕೊಂಡೇ. "ಹುಲಿ ಎಲ್ಲಾ ಕಾಡಲ್ಲೂ ಇರ್ತದೆ. ಹುಲಿ ನೋಡೂಕೆ ನಿನ್ನ ಕಾಡಿಗೆ ಯಾಕೆ ಬರ್ಬೇಕು?"

ಅಂಕಿತಾ ಹುಲಿಯ ಮೇಲೆ ಗೀಟು ಎಳೆದಳು. ಎಡಗೈಯಲ್ಲಿ ಎರಡು ಸೂಜಿ ಚುಚ್ಚಿದ್ದರಿಂದ ಆ ಕೈ ಅಲ್ಲಾಡಿಸುವಂತಿರಲಿಲ್ಲ. ನೋಟ್‌ಬುಕ್ಕನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ಬರೆಯುವುದನ್ನು ಅವಳು ಈ ಎರಡು ವರ್ಷಗಳಲ್ಲಿ ರೂಢಿ ಮಾಡಿಕೊಂಡಿದ್ದಳು. ಪಕ್ಕದಲ್ಲಿ ಡಯಾಲಿಸಿಸ್ ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಅವಳ ಮಂಚಕ್ಕೂ ಭಾಸ್ಕರನ ಮಂಚಕ್ಕೂ ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಹಳೆಯ ಲೂಡೋ ಪೆಟ್ಟಿಗೆಯಿಂದ ತಂದ ದಾಳ.

ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಏಳಕ್ಕೆ ಹೊನ್ನಾವರದ ಆಸ್ಪತ್ರೆಯಲ್ಲಿ ಅವರಿಬ್ಬರದೂ ಒಂದೇ ಪಾಳಿ. ಅಂಕಿತಾ ಭಟ್ಕಳದ ಮುಟ್ಟಳ್ಳಿಯವಳು. ಬಿ.ಕಾಂ. ಎರಡನೇ ವರ್ಷದಲ್ಲಿ ಮುಖ ಊದಿಕೊಂಡು ಕಾಲೇಜು ಬಿಟ್ಟವಳು ಮತ್ತೆ ಹೋಗಿರಲಿಲ್ಲ. ಭಾಸ್ಕರ ಮಾವಿನಕುರ್ವೆಯವ, ಇಪ್ಪತ್ತೆರಡು ವರ್ಷ ಬೋಟಿನಲ್ಲಿ ತಾಂಡೇಲನಾಗಿ ಚುಕ್ಕಾಣಿ ಹಿಡಿದವ. ನಾಲ್ಕು ತಾಸು ಸೂರು ನೋಡುತ್ತ ಮಲಗಲಾರದೆ ಅವಳು ಮೊಬೈಲಿನಲ್ಲಿ ಏನೇನೋ ನೋಡುತ್ತಿದ್ದಳು. ಯಾವುದೋ ದೇಶದವರು ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಇಲ್ಲದ ಊರುಗಳಲ್ಲಿ ತಿರುಗಾಡುವ ಆಟ ಕಣ್ಣಿಗೆ ಬಿತ್ತು. ತಾನೂ ಒಂದು ಲೋಕ ಕಟ್ಟಿದಳು. ಹೊಳೆಯಲ್ಲಿ ನಡುಗಡ್ಡೆಯಂಥ ಒಂಬತ್ತು ಕುರ್ವೆಗಳು, ಆಚೆ ದಡದಲ್ಲಿ ಒಂದು ಕೋಟೆ, ನಡುವೆ ಯಾರೂ ದಾಟದ ನಡುಗಾಡು. ಆಡಲು ಇನ್ನೊಬ್ಬರು ಬೇಕಿತ್ತು. ಮೊದಲ ದಿನ ಭಾಸ್ಕರ, "ನಂಗೆ ಐವತ್ತೆರಡು ವರ್ಷ ಮಗಾ, ಇದೆಂತ ಆಟ!" ಎಂದು ನಕ್ಕಿದ್ದ. ಎರಡನೇ ವಾರ ಆಟದೊಳಗಿನ ತನ್ನ ಪಾತ್ರಕ್ಕೆ ತೀರಿಹೋದ ಅಜ್ಜನ ಹೆಸರಿಟ್ಟ: ಚೌಡ. ಒಂಬತ್ತು ಕುರ್ವೆಗಳನ್ನು ದಾಟಲು ಚೌಡನಿಗೆ ಏಳು ತಿಂಗಳು ಹಿಡಿದಿತ್ತು. ಈಗ ಅವನು ಕಾಡಿನ ಬಾಯಿಯಲ್ಲಿ ನಿಂತಿದ್ದ.

ಕಾಡಿನಲ್ಲಿ ಪ್ರತಿ ಹಗಲಿಗೆ ಒಮ್ಮೆ ದಾಳ ಹಾಕಬೇಕು. ಬಿದ್ದ ಅಂಕಿಯ ಮೃಗ ಎದುರಾಗುತ್ತದೆ. ಹಾಗಾಗಿ ಆರು ಮೃಗಗಳನ್ನು ಆರಿಸಬೇಕಿತ್ತು. ಒಂದಕ್ಕೆ ಕೂಗುಮರ; ಮನೆಯವರ ದನಿಯಲ್ಲಿ ಕರೆದು ದಾರಿ ತಪ್ಪಿಸುವುದು. ಮೂರಕ್ಕೆ ಜಿಗಣೆರಾಯ; ರಕ್ತವನ್ನಲ್ಲ, ಬಂದ ದಾರಿಯ ನೆನಪನ್ನು ಹೀರುವವನು. ನಾಲ್ಕಕ್ಕೆ ಉಪ್ಪುಬೆಕ್ಕು, ಮಲಗಿದವರ ಮೈಯ ಉಪ್ಪನ್ನು ನೆಕ್ಕಿ ಬಲ ತೆಗೆಯುವುದು.

"ಉಪ್ಪುಬೆಕ್ಕು ನಮ್ಮನೆಗೆ ಕಳ್ಸು," ಎಂದಿದ್ದ ಭಾಸ್ಕರ, ಹೆಂಡತಿಯನ್ನು ನೆನೆದು. "ಗಂಗಿ ಉಪ್ಪಿನ ಡಬ್ಬಿ ಅಡಗ್ಸಿ ಇಡ್ತಾಳೆ. ಬೆಕ್ಕಿಗಾದ್ರೂ ಸಿಗ್ತದೇನೋ."

ಹುಲಿಯ ಜಾಗದಲ್ಲಿ ಕಣ್ಣಿಲ್ಲದ ಕಾಡುಕೋಣ ಬಂತು. ಐದಕ್ಕೆ ಹೆಜ್ಜೇನಿನ ಮೈಯ ಮುದುಕಿ. ಆರು ಮಾತ್ರ ಖಾಲಿ ಉಳಿಯಿತು. ಅವಳು ಹೇಳಿದ್ದು ಯಾವುದೂ ಅವನಿಗೆ ಹಿಡಿಸಲಿಲ್ಲ.

"ನಿನ್ನ ಪ್ರಾಣಿ ಎಲ್ಲ ಹಸಿದದ್ದೇ. ಹಸಿದದ್ದು ಹೊಟ್ಟೆ ತುಂಬಿದ ಮೇಲೆ ಹೋಗ್ತದೆ. ತುಂಬಿದ್ರೂ ಹೋಗದ್ದು ಒಂದು ಬೇಕು," ಎಂದ.

"ಅಂಥದ್ದು ಎಂತ ಇರ್ತದೆ ಭಾಸ್ಕರಣ್ಣ?"

ಅಷ್ಟರಲ್ಲಿ ಕಲ್ಪನಾ ಸಿಸ್ಟರ್ ಬಂದು ಅವನ ಕುತ್ತಿಗೆಯ ಪಟ್ಟಿ ಸರಿಸಿ ನೋಡಿದರು. ಸೂಜಿ ಚುಚ್ಚಲೆಂದು ಕೈಯ ರಕ್ತನಾಳ ಜೋಡಿಸಿ ಮಾಡಿದ್ದ ಫಿಸ್ಟುಲಾ ಮೂರು ಸಲವೂ ಮುಚ್ಚಿಹೋಗಿ, ಈಗ ಕುತ್ತಿಗೆಗೆ ನಳಿಗೆ ಹಾಕಿದ್ದರು. ಅದಕ್ಕೂ ಎರಡು ಸಲ ನಂಜಾಗಿ ಚಳಿಜ್ವರ ಬಂದಿತ್ತು. ಸಿಸ್ಟರ್ ಹೊಸ ಪಟ್ಟಿ ಹಾಕಿದರು. ಅವರು ಅತ್ತ ಹೋದ ಮೇಲೆ ಭಾಸ್ಕರ ಅವಳ ಕಡೆ ಮುಖ ಹೊರಳಿಸಿದ.

"ಡಾಕ್ಟ್ರು ಹೇಳಿದ್ರು, ಇದು ಹೋದ್ರೆ ಇನ್ನು ತೊಡೆಸಂದಿಗೆ ಹಾಕೂದು, ಅದು ಹೋದ್ರೆ ಮುಂದೆ ನೋಡೂದು ಅಂತ. ನಾ ಬೇಡ ಅಂದೆ ಮಗಾ. ಗುರುವಾರ ಒಂದಿನ ಬತ್ತೆ. ಆಮೇಲೆ ಬರೂದಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಬೇರೆ ಆಸ್ಪತ್ರೆಗೆ ಹೋಗ್ತ್ರಾ?"

"ಎಲ್ಲಿಗೂ ಇಲ್ಲ. ಡಯಾಲಿಸಿಸ್ಸೇ ಬೇಡ ಇನ್ನು." ಅವನು ದನಿ ತಗ್ಗಿಸಿದ. "ಗಂಗಿಗೆ ಇನ್ನೂ ಹೇಳ್ಲಿಲ್ಲ. ನೀ ಹೇಳ್ಬೇಡ."

ಪಾಳಿ ಮುಗಿಸಿ ಅಂಕಿತಾ ಹೊರಗೆ ಬಂದಾಗ ಅವಳ ತಾಯಿ ದೇವಿ ಮತ್ತು ಭಾಸ್ಕರನ ಹೆಂಡತಿ ಗಂಗಿ ಒಂದೇ ಬೆಂಚಿನಲ್ಲಿ ಕೂತು ಅವಲಕ್ಕಿ ಹಂಚಿಕೊಂಡು ತಿನ್ನುತ್ತಿದ್ದರು. ಗಂಗಿ ಎದ್ದು ಅವಳ ಮುಂಗೈ ಹಿಡಿದುಕೊಂಡಳು.

"ಇವತ್ತು ಎಂತ ಆಟ ಆತು? ಮನೇಲಿ ಮಾತೇ ಇಲ್ಲ ಅವ್ರದ್ದು. ನಿನ್ನ ಹತ್ರ ಮಾತ್ರ ನಗ್ತಾರೆ ನೋಡು."

ಅಂಕಿತಾ ಅವಳ ಮುಖ ನೋಡಲಾರದೆ ಚಪ್ಪಲಿ ಹುಡುಕುವವಳಂತೆ ಬಗ್ಗಿದಳು.

ಬುಧವಾರ ಮಧ್ಯಾಹ್ನ, ಮುಟ್ಟಳ್ಳಿಯ ಮನೆಯ ಜಗಲಿಯಲ್ಲಿ ಕೂತು ಅವಳು ಕಾಡಿನ ಪುಟವನ್ನು ಹರಿದು ಹೊಸದಾಗಿ ಬರೆದಳು. ಕೂಗುಮರವನ್ನು ದಾರಿ ಹೇಳುವ ಮರ ಮಾಡಿದಳು. ಜಿಗಣೆರಾಯನ ಬದಲು ಗಾಯ ನೆಕ್ಕಿ ವಾಸಿಮಾಡುವ ಜಿಂಕೆ ಬಂತು. ಕೋಣಕ್ಕೆ ಕಣ್ಣು ಕೊಟ್ಟು, ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುವಂತೆ ಮಾಡಿದಳು. ಉಪ್ಪುಬೆಕ್ಕು ಸುಮ್ಮನೆ ಕಾಲ ಬುಡದಲ್ಲಿ ಮಲಗುವ ಬೆಕ್ಕಾಯಿತು. ಮುದುಕಿ ಜೇನು ಕೊಡುತ್ತಾಳೆ. ಆರಕ್ಕೆ, ಕಾಡಿನಾಚೆಯ ಕೋಟೆಯ ಬಾಗಿಲನ್ನೇ ಬರೆದುಬಿಟ್ಟಳು. ಯಾವ ಅಂಕಿ ಬಿದ್ದರೂ ಚೌಡ ಮುಂದಕ್ಕೇ ಹೋಗಬೇಕು.

ತೆಂಗಿನಗರಿ ಸೀಳುತ್ತ ಕೂತಿದ್ದ ತಾಯಿ ಕೇಳಿದಳು, "ಅಳ್ತಾ ಬರೀತಿಯಲ್ಲೇ, ಎಂತದು ಅದು?"

"ಆಟ ಅಮ್ಮ."

ತಾಯಿ ಮತ್ತೆ ಕೇಳಲಿಲ್ಲ. ತನ್ನ ಕಿಡ್ನಿ ಮಗಳಿಗೆ ಹೊಂದುವುದಿಲ್ಲವೆಂದು ಮಣಿಪಾಲದಲ್ಲಿ ಹೇಳಿದಂದಿನಿಂದ ದೇವಿ ಯಾವ ಪ್ರಶ್ನೆಯನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ.

ಗುರುವಾರ ಭಾಸ್ಕರ ಗಡ್ಡ ಹೆರೆಸಿಕೊಂಡು ಬಂದಿದ್ದ. ಯಂತ್ರಕ್ಕೆ ಜೋಡಿಸಿದ ಕೂಡಲೇ ಕೈ ಚಾಚಿ ದಾಳ ಹಾಕಿದ. ಮೂರು. ಜಿಂಕೆ ಬಂದು ಚೌಡನ ಕಾಲಿನ ಗಾಯ ನೆಕ್ಕಿತೆಂದು ಅವಳು ಓದಿದಳು. ಮತ್ತೆ ಹಾಕಿದ. ಒಂದು. ಮರ ದಾರಿ ಹೇಳಿತು. ಮೂರನೇ ಸಲ ಎರಡು ಬಿತ್ತು. ಕೋಣ ಬೆನ್ನು ಬಗ್ಗಿಸಿ ನಿಂತಿತು.

ಭಾಸ್ಕರ ದಾಳವನ್ನು ತಟ್ಟೆಯಲ್ಲೇ ಬಿಟ್ಟ. "ಪುಸ್ತಕ ಕೊಡು."

"ಅದು ನಾನೇ ಓದ್ಬೇಕು. ಆಟಗಾರ ನೋಡೂಕಿಲ್ಲ."

"ಕೊಡು ಮಗಾ."

ಅವಳು ಕೊಟ್ಟಳು. ಅವನು ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಆರನೆಯದರವರೆಗೂ ಓದಿದ. ಓದಿ ಮುಗಿದ ಮೇಲೂ ಪುಟದಿಂದ ಕಣ್ಣು ತೆಗೆಯಲಿಲ್ಲ.

"ಮನೇಲಿ ನಮ್ಮ ತಮ್ಮ ಹೇಳ್ತಾನೆ, ಅಣ್ಣಾ, ಮುಂದಿನ ಸೀಸನ್ನಿಗೆ ನೀನೇ ಬೋಟು ತಕೊಂಡು ಹೋಗು ಅಂತ. ಗಂಗಿ ಹೇಳ್ತಾಳೆ, ಮುಖ ತಿಳಿಯಾಗಿದೆ ಅಂತ. ಎಲ್ಲಾ ಇದೇ ನಮೂನಿ." ಅವನು ಪುಟದ ಮೇಲೆ ತಟ್ಟಿದ. "ನೀ ಒಬ್ಬಳು ಸರೀ ಆಡ್ತಿದ್ದೆ. ನೀನೂ ಹಿಂಗೆ ಮಾಡ್ದೆ."

"ನೀವು ಬರೂದಿಲ್ಲ ಅಂದ್ರಲ್ಲ. ಚೌಡ ಆಚೆ ಮುಟ್ಲಿ ಅಂತ."

"ಹಿಂಗೆ ಮುಟ್ಟಿದ್ರೆ ಅದು ಮುಟ್ಟಿದ್ದಾ?"

ಅವಳ ಕಣ್ಣಿನಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲು ಇದ್ದದ್ದು ಒಂದೇ ಕೈ, ಅದರಲ್ಲಿ ಪೆನ್ನು. ಭಾಸ್ಕರ ಪುಸ್ತಕವನ್ನು ಅವಳಿಗೆ ಮರಳಿಸಿ, ಬೇರೆ ದನಿಯಲ್ಲಿ ಮಾತಾಡಿದ.

"ಒಂದು ವರ್ಷ ನಮ್ಮ ಬೋಟಿನ ಇಂಜಿನ್ ಕೆಟ್ಟು ಎರಡು ದಿನ ಕಡಲಲ್ಲಿ ತೇಲಿದ್ವು. ಒಂದು ದೊಡ್ಡ ಮೀನು ಬೋಟಿಗೆ ತಾಗಿಕೊಂಡೇ ಇತ್ತು. ಬೋಟಿನಷ್ಟೇ ಉದ್ದ. ಅದು ಎಂತದೂ ಮಾಡ್ಲಿಲ್ಲ. ಬಾಯಿ ತೆಗೀಲಿಲ್ಲ, ಬಾಲ ಬಡೀಲಿಲ್ಲ. ಹೋಗ್ಲೂ ಇಲ್ಲ. ಮೊದಲು ಹೆದರಿಕೆ ಆತು. ಆಮೇಲೆ ಹೆದರಿಕೆಯೂ ಸಾಕಾತು. ಅದನ್ನ ಬರಿ ಆರಕ್ಕೆ."

"ಹೆಸರು?"

"ಹೆಸರಿಲ್ಲ. ಜೊತೆಗೆ ನಡೀತದೆ ಅಂತ ಬರಿ."

ಅವಳು ಹೊಸ ಪುಟದಲ್ಲಿ ಹಳೆಯ ಐದು ಮೃಗಗಳನ್ನು ನೆನಪಿನಿಂದ ಬರೆದುಕೊಂಡಳು. ಆರನೆಯದಕ್ಕೆ ಬಂದಾಗ ಅವನೇ ಪೆನ್ನು ಇಸಿದುಕೊಂಡು, ಬೋಟಿಗೆ ನಂಬರು ಬರೆಯುವಂಥ ದಪ್ಪ ಅಕ್ಷರಗಳಲ್ಲಿ ಬರೆದ. ಆಟದ ನಿಯಮದಂತೆ ಅವಳು ಕೇಳಬೇಕಾದದ್ದನ್ನು ಕೇಳಿದಳು.

"ಹೊಡೆಯೂಕೆ ಎಷ್ಟು ಬೀಳ್ಬೇಕು?"

"ಹೊಡೆಯೂಕಾಗೂದಿಲ್ಲ."

"ಓಡೂಕೆ?"

"ಅದೂ ಆಗೂದಿಲ್ಲ."

"ಹಾಗಾದ್ರೆ ಆಟಗಾರ ಎಂತ ಮಾಡ್ಬೇಕು ಭಾಸ್ಕರಣ್ಣ?"

ಅವನು ಪೆನ್ನನ್ನು ಅವಳಿಗೆ ವಾಪಸು ಕೊಟ್ಟ. "ಆದಷ್ಟು ದಿನ ನಡೀಬೇಕು. ಸಾಕಾದ್ರೆ ಕೂತ್ಕೊಳ್ಬೇಕು. ಕೂತದ್ದಕ್ಕೆ ಸೋತ ಅಂತ ಮಾತ್ರ ಬರೀಬೇಡ."

ಆ ದಿನ ಅವರು ಮತ್ತೆ ದಾಳ ಹಾಕಲಿಲ್ಲ. ಯಂತ್ರ ಬಿಡಿಸಿದ ಮೇಲೆ ಅವನು ತೂಕ ನೋಡಿಕೊಂಡು, ಸಿಸ್ಟರಿಗೆ ಕೈಮುಗಿದು, ಬಾಗಿಲವರೆಗೆ ಗೋಡೆ ಹಿಡಿದು ನಡೆದುಹೋದ. ಹೊರಗೆ ಗಂಗಿಯೊಡನೆ ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದದ್ದು ಕೇಳಿಸಿತು. ಗಂಗಿ ನಕ್ಕಳು. ಅವಳಿಗೆ ಇನ್ನೂ ಗೊತ್ತಿಲ್ಲವೆಂದು ಅಂಕಿತಾಳಿಗೆ ತಿಳಿಯಿತು.

ಸೋಮವಾರ ಆ ಮಂಚದಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದು ಅವಳು ಫೋನು ಮಾಡಿದಳು. ಗಂಗಿಯೇ ಎತ್ತಿದಳು.

"ಜಗಲೀಲಿ ಕೂತಾರೆ. ಉಸ್ರು ಹತ್ತಿ ಮಾತಾಡೂಕಾಗೂದಿಲ್ಲ. ಎಳನೀರು ಬೇಕು ಅಂದ್ರು. ಡಾಕ್ಟ್ರು ಬೇಡ ಅಂದು ಮೂರು ವರ್ಷ ಆತಲ್ಲ ಕುಡೀದೆ. ಕೊಟ್ಟೆ. ಎರಡು ಕುಡ್ದ್ರು." ಆಮೇಲೆ ಕೇಳಿದಳು, "ನಿಂಗೆ ಮೊದಲೇ ಗೊತ್ತಿತ್ತಾ ಅಂಕಿತಾ?"

ಅಂಕಿತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆಚೆಯಿಂದ ಗಂಗಿಯ ಉಸಿರು ಕೇಳುತ್ತಿತ್ತು.

"ಹೋಗ್ಲಿ ಬಿಡು. ನಿಂಗೆ ಹೇಳಿದ್ರಲ್ಲ. ಯಾರಿಗೋ ಹೇಳಿದ್ರಲ್ಲ," ಎಂದು ಗಂಗಿ ಫೋನು ಇಟ್ಟಳು.

ಶುಕ್ರವಾರ ಮಧ್ಯಾಹ್ನ ಭಾಸ್ಕರ ತೀರಿಕೊಂಡ. ಸುದ್ದಿಯನ್ನು ಕಲ್ಪನಾ ಸಿಸ್ಟರ್ ಫೋನಿನಲ್ಲಿ ತಿಳಿಸಿದರು. ಅಂಕಿತಾ ನೋಟ್‌ಬುಕ್ಕು ತೆಗೆದು, ಚೌಡನ ಹೆಸರಿನ ಮುಂದೆ ಏನು ಬರೆಯಬೇಕೆಂದು ತೋಚದೆ ತಾರೀಕು ಮಾತ್ರ ಬರೆದು ಮುಚ್ಚಿಟ್ಟಳು. ಮಾವಿನಕುರ್ವೆಗೆ ಹೋಗಬೇಕೆಂದಳು. ಆದರೆ ಶನಿವಾರ ಕಾಲು ಊದಿ ನಿಲ್ಲಲಾಗಲಿಲ್ಲ.

ಸೋಮವಾರ ಪಕ್ಕದ ಮಂಚಕ್ಕೆ ಕಾಗಾಲದ ತಿಮ್ಮಕ್ಕ ಬಂದಳು. ಅರವತ್ತು ದಾಟಿದ ಹೆಂಗಸು, ಕೊರಳ ತುಂಬ ಕರಿಮಣಿ ಸರ. ಮೊದಲ ಸಲ. ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದವಳು, ಯಾರನ್ನು ಕೇಳಬೇಕೆಂದು ತಿಳಿಯದೆ, ಅಂಕಿತಾಳನ್ನು ಕೇಳಿದಳು.

"ನೋವು ಆತದ್ಯೇ ತಂಗಿ?"

"ಆಗ್ತದೆ," ಎಂದಳು ಅಂಕಿತಾ.

"ಎಷ್ಟು ದಿನ ಬರೂದು ಹಿಂಗೆ?"

ಅಂಕಿತಾ ಸಿಸ್ಟರ್ ಕಡೆ ನೋಡಿದಳು. ಅವರು ನಳಿಗೆ ಜೋಡಿಸುವುದರಲ್ಲಿದ್ದರು. "ವಾರಕ್ಕೆ ಎರಡು ದಿನ," ಎಂದಳು. "ಯಾವಾಗ್ಲೂ."

ತಿಮ್ಮಕ್ಕ ತಲೆಯಾಡಿಸಿದಳು. ನಳಿಗೆಯಲ್ಲಿ ತನ್ನ ರಕ್ತ ಹರಿಯತೊಡಗಿದಾಗ ಗೋಡೆಯ ಕಡೆ ಹೊರಳಿ, ಕಣ್ಣು ಮುಚ್ಚಿ, ಬಾಯೊಳಗೇ ನಾಟಿಯ ಹಾಡೊಂದನ್ನು ಶುರುಮಾಡಿದಳು. ಒಂದೆರಡು ಸಾಲು ಆಗುವಷ್ಟರಲ್ಲಿ ಯಂತ್ರ ಕೀಂ ಎಂದಿತು. ಅವಳು ಬೆಚ್ಚಿ ನಿಲ್ಲಿಸಿದಳು. ಸಿಸ್ಟರ್ ಬಂದು ಗುಂಡಿ ಒತ್ತಿ ಹೋದರು. ತಿಮ್ಮಕ್ಕ ಮತ್ತೆ ಮೊದಲ ಸಾಲಿನಿಂದ ಹಾಡಿದಳು. ಯಂತ್ರ ಮತ್ತೆ ಕೂಗಿತು. ಅಂಕಿತಾ ನೋಟ್‌ಬುಕ್ಕು ತೆರೆದು ಚೌಡನ ತಾರೀಕಿನ ಪಕ್ಕ 'ಕೂತ' ಎಂದಷ್ಟೇ ಬರೆದಳು. ತಿಮ್ಮಕ್ಕ ಮತ್ತೆ ಮೊದಲಿನಿಂದ ಹಾಡಿದಳು.