ತೋಳು ಮಡಚಿದ ಕೋಟು

ಕೊರೆಯುವ ಚಳಿಯಲ್ಲೂ ಹಮ್ಮಾದಿಯ ಕಂದು ಉಣ್ಣೆಕೋಟಿನ ಎಡತೋಳು ಮೊಣಕೈವರೆಗೆ ಮಡಚಿಯೇ ಇರುತ್ತಿತ್ತು. ಮಣಿಕಟ್ಟಿನಲ್ಲಿ ನಾಡಿ ಎಣಿಸುವ ಕಪ್ಪು ಗಡಿಯಾರ. ಉಣ್ಣೆ ಮುಚ್ಚಿದರೆ ಅಂಕಿಗಳು ದೂರದ ಬಿಜೆರ್ತೆ ಊರಿನವರೆಗೆ ತಲುಪಲಾರವೆಂಬುದು ಅವನ ಅಚಲ ನಂಬಿಕೆ. ಕೈರುವಾನ್ ಪಟ್ಟಣದ ನಮ್ಮ ಓಣಿಯಲ್ಲಿ ರತ್ನಗಂಬಳಿ ಮಾರಿ ಬಾಳಿದ, ಹೆಂಡತಿ ತೀರಿದ ಮೇಲೆ ಒಂಟಿಯಾದ ಆ ಮನುಷ್ಯ ಆರೋಗ್ಯದ ಚಿಂತೆಯಿಂದ ಅದನ್ನು ಕಟ್ಟಿಕೊಂಡಿದ್ದಾನೆಂದೇ ವೈದ್ಯರು ತಿಳಿದಿದ್ದರು. ಪಕ್ಕದ ಮನೆಯ ಮೇಷ್ಟ್ರಾದ ನನಗೆ ನಿಜ ಗೊತ್ತಿತ್ತು.

ಬಿಜೆರ್ತೆಯಲ್ಲಿ ಅವನ ತಮ್ಮ ಶೆದ್ಲಿ ಇದ್ದ. ಒಂಬತ್ತು ವರ್ಷದ ಹಿಂದೆ ತಾಯಿ ಅಲ್ಲಿ ತೀರಿಕೊಂಡಾಗ ಹಮ್ಮಾದಿಯ ಬಸ್ಸು ಒಂದು ಗಂಟೆ ತಡವಾಯಿತು. ಸತ್ತವರನ್ನು ಕಾಯಿಸಬಾರದೆಂದು ಶೆದ್ಲಿ ಅಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ ಕತೆಯಿಲ್ಲ. ಹಮ್ಮಾದಿಯ ಹೃದಯ ಒಮ್ಮೆ ಕೈಕೊಟ್ಟ ಮೇಲೆ ಶೆದ್ಲಿಯ ಮಗಳು ರೌಧಾ ಬಂದು ಗಡಿಯಾರ ಕಟ್ಟಿ, ಅಂಕಿಗಳೆಲ್ಲ ತನ್ನ ತಂದೆಯ ಫೋನಿಗೇ ಹೋಗುವಂತೆ ಮಾಡಿದಳು. ಕಿಲಾಡಿ ಹುಡುಗಿ.

ನಿಧಾನವಾಗಿ ನಡೆಯಿರಿ ಎಂದು ವೈದ್ಯರು ಹೇಳಿದ್ದರೆ, ಇವನು ಸಂಜೆಗೆ ತಾರಸಿಯ ಮೆಟ್ಟಿಲುಗಳನ್ನು ಬೇಕೆಂದೇ ದಡದಡನೆ ಹತ್ತಿ ಏದುಸಿರಿನಲ್ಲೇ ನಗುತ್ತಿದ್ದ.

"ನೂರಿಪ್ಪತ್ತು ದಾಟ್ತು ಮೇಷ್ಟ್ರೇ! ಈಗ ಅಲ್ಲಿ ಅವನಿಗೆ ಚಹಾ ಗಂಟಲಲ್ಲಿ ಇಳಿಯಲ್ಲ."

"ಸತ್ತುಹೋಗ್ತೀಯ ಮಾರಾಯ. ಒಂದು ಫೋನ್ ಮಾಡಬಾರ್ದಾ?"

"ನಾನು ದೊಡ್ಡೋನು. ಮೊದಲು ಅವನು ಮಾಡ್ಲಿ."

ಒಮ್ಮೆ ರೌಧಾ ಫೋನಿನಲ್ಲಿದ್ದಾಗ ಹಿಂದಿನಿಂದ ಶೆದ್ಲಿ ಗದರಿದ್ದು ಕೇಳಿಸಿತಂತೆ: "ಆ ಮುದಿಯನಿಗೆ ಸುಮ್ನೆ ಕೂತ್ಕೋ ಅಂತ ಹೇಳೇ!" ಆ ಬೈಗುಳವನ್ನು ಹಮ್ಮಾದಿ ವಾರವಿಡೀ ಖರ್ಜೂರದ ಮಿಠಾಯಿಯಂತೆ ಚಪ್ಪರಿಸಿದ.

ನಮಾಜಿಗೆ ಮುನ್ನ ಕೈಕಾಲು ತೊಳೆಯುವಾಗ ನೀರು ಚರ್ಮಕ್ಕೆ ತಾಗಲೇಬೇಕೆಂದು ಅವನು ದಿನಕ್ಕೆ ಐದು ಬಾರಿ ಗಡಿಯಾರ ಬಿಚ್ಚಿಡುತ್ತಿದ್ದ. ಅಷ್ಟು ಹೊತ್ತು ತಮ್ಮನ ಫೋನಿನಲ್ಲಿ ಅಂಕಿಯಿರುತ್ತಿರಲಿಲ್ಲ; ತೊಳೆಯುವುದರಲ್ಲಿ ಅಣ್ಣ ಮೊದಲಿನಿಂದಲೂ ನಿಧಾನವೆಂದು ತಮ್ಮನಿಗೆ ಗೊತ್ತಿತ್ತು. ಕಳೆದ ಜನವರಿಯ ಒಂದು ದಿನ, ಮೂರನೆಯ ಹೊತ್ತಿನ ನಮಾಜಿನ ಕರೆಯಾದ ಮೇಲೆ ಎರಡು ಗಂಟೆ ಕಳೆದಿರಬೇಕು, ಗೋಡೆಯಾಚೆ ಅವನ ಫೋನು ಬಿಡದೆ ಬಡಿದುಕೊಳ್ಳತೊಡಗಿತು. ಹೋಗಿ ನೋಡಿದರೆ ಅಂಗಳದ ನಲ್ಲಿಯ ಕೆಳಗೆ ಹಮ್ಮಾದಿ ಒರಗಿದ್ದ, ಎರಡೂ ತೋಳು ಮಡಚಿದ್ದವು, ಮೈ ತಣ್ಣಗಾಗಿತ್ತು. ಕಟ್ಟೆಯ ಮೇಲೆ ಗಡಿಯಾರ, ಪಕ್ಕದಲ್ಲಿ ಫೋನು. ನಾನು ಎತ್ತಿಕೊಂಡೆ.

"ಏನಣ್ಣಾ, ಕೈಕಾಲು ತೊಳೆಯೋಕೆ ಇಷ್ಟೊತ್ತಾ?"

ಒಂಬತ್ತು ವರ್ಷದಲ್ಲಿ ಅದೇ ಮೊದಲ ಮಾತು.

ಮರುದಿನ ಮಣ್ಣಿಗಿಟ್ಟು ಬರುವಾಗ ಶೆದ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ: "ಅವತ್ತು ಒಂದು ಗಂಟೆ ಕಾಯ್ಲಿಲ್ಲ ಮೇಷ್ಟ್ರೇ. ನಿನ್ನೆ ಎರಡು ಗಂಟೆ ಕಾಯ್ತಾ ಕೂತೆ."

ಹಮ್ಮಾದಿಯಂಥವರಿಗೆ ಆಯುಸ್ಸಿನ ಆಸೆ ಅಷ್ಟೇನೂ ಇರುವುದಿಲ್ಲ. ಮಾತು ಬಿಟ್ಟವರೊಬ್ಬರು ಎಲ್ಲೋ ಕುಳಿತು ತಮ್ಮ ಎದೆಬಡಿತವನ್ನು ನೋಡುತ್ತಿದ್ದಾರೆಂಬ ಭರವಸೆಗಾಗಿ ಅವರು ಚಳಿಯಲ್ಲಿ ಬರಿಗೈ ಬಿಟ್ಟುಕೊಂಡು ತಿರುಗಬಲ್ಲರು, ಉಸಿರು ಕಟ್ಟುವಷ್ಟು ಮೆಟ್ಟಿಲು ಹತ್ತಬಲ್ಲರು; ಫೋನೆತ್ತಿ ಒಂದು ಮಾತಾಡು ಎಂದರೆ ಮಾತ್ರ ಅವರಿಂದ ಆಗುವುದಿಲ್ಲ.