ಬೆಚ್ಚನೆ ಕೋಣೆಯ ಇಡ್ಲಿ ಹಿಟ್ಟು

ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ. ಬಸ್ಸು ಎರಡು ನಿಮಿಷ ತಡವಾದರೆ ನಡೆದೇ ಹೊರಡುವ ಜಾತಿ ನನ್ನದು. ಇಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಮಾತ್ರ ಸೋಯಾ ಸಾಸನ್ನು ಹುಳಿಸುವ ಸೂಕ್ಷ್ಮಜೀವಿಗಳನ್ನು. ದೂರದ ಚಳಿದೇಶದ ಉಮೆಯೊ ಊರಿನ ಲ್ಯಾಬಿನಲ್ಲಿ ನನ್ನ ಜಾಡಿಗಳಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. "ಮಹಾಬಲೇಶ್ವರರಾಯರು ಸಾಸಿಗೆ ಒಂಬತ್ತು ತಿಂಗಳು ಕಾಯ್ತಾರೆ, ಕಾಫಿಗೆ ಒಂಬತ್ತು ನಿಮಿಷ ಕಾಯಲ್ಲ" ಎಂದು ನನ್ನ ಹೆಂಡತಿ ನಿವೇದಿತಾ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಇದು 2008ರ ಏಪ್ರಿಲ್ ಮಾತು. ಆ ವಾರ ಲ್ಯಾಬಿನಲ್ಲಿ ಹೊಸ ಕೋಜಿ ಇಟ್ಟಿದ್ದೆವು. ಕೋಜಿ ಎಂದರೆ ಬೇರೇನಲ್ಲ, ಬೇಯಿಸಿದ ಸೋಯಾ ಕಾಳಿಗೂ ಹುರಿದ ಗೋಧಿಗೂ ಒಳ್ಳೆಯ ಜಾತಿಯ ಬೂಷ್ಟು ಹಿಡಿಸುವುದು. ಮೂರು ದಿನ ಬೆಚ್ಚಗಿಟ್ಟರೆ ಆ ಬೂಷ್ಟು ಕಾಳನ್ನು ಒಡೆಯುವ ಕಿಣ್ವಗಳನ್ನು ತಯಾರಿಸುತ್ತದೆ. ಆಮೇಲೆ ಉಪ್ಪುನೀರಿಗೆ ಹಾಕಿದರೆ ಮೊದಲು ಹುಳಿ ಬರಿಸುವ ಬ್ಯಾಕ್ಟೀರಿಯಾ ಬರುತ್ತವೆ, ಅವು ಹದ ಮಾಡಿಕೊಟ್ಟ ಜಾಗಕ್ಕೆ ಯೀಸ್ಟ್ ಬರುತ್ತದೆ, ಪರಿಮಳ ಬರುತ್ತದೆ. ಮೊದಲ ಮೂರು ದಿನ ಕೆಟ್ಟರೆ ಮುಂದಿನದೆಲ್ಲ ಕೆಟ್ಟ ಹಾಗೆ.

ಆ ಬ್ಯಾಚು ನಿಖಿತಾಳದು. ದಾವಣಗೆರೆಯ ಹುಡುಗಿ, ಎಂ.ಎಸ್ಸಿ. ಮುಗಿಸಿ ನಮ್ಮಲ್ಲಿ ಸಹಾಯಕಿಯಾಗಿದ್ದಳು. ಭಾನುವಾರದ ಮಧ್ಯಾಹ್ನದ ಊಟ ಅವಳಿಗೆ ನಮ್ಮ ಮನೆಯಲ್ಲೇ. ನಮ್ಮ ಪ್ರೊಫೆಸರ್ ಗುನಿಲ್ಲಾ ಅವಳಿಗೆ ಹೇಳಿದ್ದರು: ಈ ಕೋಜಿಯನ್ನು ನೀನೊಬ್ಬಳೇ ಮಾಡಿ ತೋರಿಸು, ಖಾಲಿಯಿರುವ ಡಾಕ್ಟರೇಟ್ ಸ್ಥಾನಕ್ಕೆ ನಿನ್ನ ಹೆಸರು ಹೇಳುತ್ತೇನೆ. ಶುಕ್ರವಾರ ಅವಳು ಕಾಳು ಬೇಯಿಸಿ, ಬೇಗ ಆರಲೆಂದು ಫ್ಯಾನಿನ ಕೆಳಗೆ ಹರಡಿ, ಥರ್ಮಾಮೀಟರ್ ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅದೇ ಭಾನುವಾರ ಊರಿನ ಕನ್ನಡದವರೆಲ್ಲ ಯುಗಾದಿಗೆಂದು ಸೇರುವುದಿತ್ತು. ತಿಂಡಿಯ ಇಡ್ಲಿ ನಮ್ಮ ಪಾಲಿಗೆ ಬಂದಿತ್ತು. ಶನಿವಾರ ಮಧ್ಯಾಹ್ನವಾದರೂ ಹಿಟ್ಟು ಏಳಲಿಲ್ಲ.

"ಕಲ್ಲಿನ ಹಾಗೆ ಕೂತಿದೆ ರೀ. ನಲವತ್ತು ಜನಕ್ಕೆ ಏನ್ ಕೊಡ್ಲಿ?" ಎಂದಳು ನಿವೇದಿತಾ.

ನಾನು ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಲ್ಯಾಬಿನ ಕೋಜಿ ಕೋಣೆಯಲ್ಲಿ ಸದಾ ಮೂವತ್ತು ಡಿಗ್ರಿ. ಬಾಗಿಲ ಮೇಲೆ 'ಆಹಾರ ಪದಾರ್ಥ ತರಬಾರದು' ಎಂಬ ಚೀಟಿ ಇತ್ತು. ಅಂಟಿಸಿದವನು ನಾನೇ. ಒಂದು ರಾತ್ರಿ ತಾನೆ ಎಂದುಕೊಂಡು ಮೇಲಿನ ಹಲಗೆಯ ಮೇಲೆ ಇಟ್ಟು ಬಂದೆ. ಅಕ್ಕಿ, ಉದ್ದುಗಳಲ್ಲಿ ಏನೇನು ಬ್ಯಾಕ್ಟೀರಿಯಾ ಇರುತ್ತವೆ, ಅವು ಕೋಜಿಗೆ ಏನು ಮಾಡುತ್ತವೆ ಎಂದು ಬೇರೆಯವರಿಗೆ ಪಾಠ ಹೇಳುವ ಮನುಷ್ಯ ನಾನು.

ಭಾನುವಾರ ಬೆಳಿಗ್ಗೆ ಹೋಗಿ ಹಿಟ್ಟು ತಂದೆ. ಇಡ್ಲಿ ಹೂವಿನ ಹಾಗಿತ್ತು. ಎಲ್ಲರೂ ಹೊಗಳಿದರು, ನಾನೂ ಆರು ತಿಂದೆ.

ಸೋಮವಾರ ಕೋಜಿಯ ತಟ್ಟೆಗಳು ಲೋಳೆಲೋಳೆಯಾಗಿದ್ದವು. ದನದ ಕೊಟ್ಟಿಗೆಯ ಹಾಗೆ ಮೂಗಿಗೆ ಹೊಡೆಯುವ ವಾಸನೆ. ಗುನಿಲ್ಲಾ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬೂಷ್ಟಿನ ಎಳೆಗಳ ನಡುವೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಗಿಜಿಗುಡುತ್ತಿದ್ದವು.

"ಕಾಳು ಬೇಗ ಆರಲಿಲ್ಲವೇನೋ?" ಎಂದು ನಿಖಿತಾಳನ್ನು ಕೇಳಿದರು.

"ಇರಬಹುದು" ಎಂದಳು ಅವಳು.

ಇರಬಹುದಂತೆ! ನನಗೆ ಅಲ್ಲೇ ಬಾಯಿ ಬಿಡಬೇಕೆನಿಸಿತು, ಬಿಡಲಿಲ್ಲ. ಈ ದೇಶದಲ್ಲಿದ್ದು ದುಡಿಯಲು ಕೊಟ್ಟ ನನ್ನ ಪರ್ಮಿಟ್ ಮೇ ತಿಂಗಳಲ್ಲಿ ಮುಗಿಯುತ್ತಿತ್ತು. ಅದರ ಕಾಗದಕ್ಕೆ ಗುನಿಲ್ಲಾ ಸಹಿ ಹಾಕಬೇಕಿತ್ತು. ಹೆದರಿದೆ, ಅಷ್ಟೆ.

ಆ ಎರಡು ದಿನ ನಾನು ಕೂತಲ್ಲಿ ಕೂರಲಿಲ್ಲ. ಈ ದೇಶದಲ್ಲಿ ಯಾರೂ ಬೈಯುವುದಿಲ್ಲ, ಅದೇ ದೊಡ್ಡ ಕಷ್ಟ. ಬೈದಿದ್ದರೆ ನಾನೂ ಎದುರು ಕೂಗಾಡಿ ಹಗುರಾಗುತ್ತಿದ್ದೆ. ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ ಬಿಡುವಿಗೆ, ಎಲ್ಲರೂ ಕೂತಾಗ ಗುನಿಲ್ಲಾ ಎಂದಿನಂತೆ ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ನಿಖಿತಾಳ ಕಡೆ ಸರಿಸಿದರು. ಅವಳು ಒಂದು ತೆಗೆದುಕೊಂಡು, ತಿನ್ನದೆ, ಕಾಗದದಲ್ಲಿ ಸುತ್ತಿ ಇಟ್ಟುಕೊಂಡಳು. ನಾನು ಕಾಫಿ ಬಿಟ್ಟು ಎದ್ದು ಹೋದೆ. ಮನೆಯಲ್ಲಿ ನಿವೇದಿತಾಳ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಬುಧವಾರ ತಡೆಯಲಾಗಲಿಲ್ಲ. ನಿಖಿತಾಳಿಗೆ ಒಂದು ಮಾತೂ ಹೇಳದೆ ನೇರ ಗುನಿಲ್ಲಾರ ಕೋಣೆಗೆ ನುಗ್ಗಿದೆ. ಇಡ್ಲಿ ಹಿಟ್ಟಿನ ಕತೆ ಪೂರ್ತಿ ಒದರಿದೆ. ಅವರು ಶಾಂತವಾಗಿ ಕೇಳಿದರು. ನಂತರ ನಿಖಿತಾಳನ್ನು ಕರೆಸಿದರು.

"ಶನಿವಾರ ಸಂಜೆ ಕೋಜಿ ತಿರುವಿಹಾಕಲು ನೀನು ಬಂದಿದ್ದೆ. ಒಳಗೆ ಯಾವುದಾದರೂ ಪಾತ್ರೆ ಇತ್ತೇ?"

ಅವಳು ನನ್ನ ಮುಖ ನೋಡಿದಳು.

"ಇಲ್ಲ. ಯಾವ ಪಾತ್ರೆಯೂ ಇರಲಿಲ್ಲ."

ಗುನಿಲ್ಲಾ ನನ್ನತ್ತ ತಿರುಗಿ ನಕ್ಕರು. "ನೀನು ತುಂಬಾ ಒಳ್ಳೆಯವನು ಮಹಾಬಲೇಶ್ವರ. ಆದರೆ ಬೇರೆಯವರ ತಪ್ಪನ್ನು ಹೀಗೆ ಹೊತ್ತುಕೊಳ್ಳಬಾರದು."

ಒಂದು ಗಳಿಗೆ ನನಗೆ ಹಾಯೆನಿಸಿತು. ಹೇಳುವುದನ್ನು ಹೇಳಿಯೂ ಆಯಿತು, ಪರ್ಮಿಟ್ಟೂ ಉಳಿಯಿತು. ಆ ಗಳಿಗೆಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೊರಗೆ ಬಂದು ಕಾರಿಡಾರಿನಲ್ಲಿ ಅವಳನ್ನು ತಡೆದೆ. "ಯಾಕಮ್ಮ ಸುಳ್ಳು ಹೇಳ್ದೆ?"

"ನೋಡಿದ್ದೆ ಸರ್. ಹಿಟ್ಟು ಉಕ್ಕಿ ಹಲಗೆ ಮೇಲೆಲ್ಲ ಸುರೀತಿತ್ತು. ನಾನೇ ಒರೆಸ್ದೆ. ಕೈ ತೊಳ್ಕೊಂಡೆ, ಆದ್ರೆ ಕೋಟ್ ಬದಲಾಯಿಸ್ಲಿಲ್ಲ. ಅದ್ರಲ್ಲೇ ಕೋಜಿ ತಿರುವ್ದೆ. ತಪ್ಪು ನಂದೂ ಇದೆಯಲ್ಲ. ನಿಮ್ ಪರ್ಮಿಟ್ ಬೇರೆ ಮುಗೀತಿದೆ. ಬಿಟ್ಬಿಡಿ ಸರ್, ಪ್ಲೀಸ್."

ಬಿಡುವ ಜಾಯಮಾನ ನನ್ನದಲ್ಲ. ಮನೆಗೆ ಓಡಿದೆ. ಫ್ರಿಜ್ಜಿನಲ್ಲಿ ಹಿಟ್ಟು ಇನ್ನೂ ಒಂದು ಲೋಟದಷ್ಟು ಇತ್ತು. ಅದನ್ನೂ ಕೆಟ್ಟ ಕೋಜಿಯನ್ನೂ ಅಕ್ಕಪಕ್ಕದ ತಟ್ಟೆಗಳಲ್ಲಿ ಬೆಳೆಸಿದೆ. ಶುಕ್ರವಾರ ಎರಡರಲ್ಲೂ ಒಂದೇ ಥರದ ಸುಕ್ಕುಸುಕ್ಕಾದ ಬಿಳಿ ಕೆನೆ ಕಟ್ಟಿತ್ತು, ಅಂದರೆ ಬ್ಯಾಕ್ಟೀರಿಯಾ ಒಂದೇ. ಗೆದ್ದವನ ಹಾಗೆ ಎರಡನ್ನೂ ಗುನಿಲ್ಲಾರ ಮೇಜಿನ ಮೇಲಿಟ್ಟೆ. "ಉಕ್ಕಿದ್ದನ್ನು ಒರೆಸಿದವಳೂ ಅವಳೇ, ಕೇಳಿ ನೋಡಿ" ಎಂದೆ.

ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಮತ್ತೆ ನಿಖಿತಾಳನ್ನು ಕರೆಸಿದರು. ಹಿಟ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಹಾಗಾದರೆ ನೀನು ನನಗೆ ಸುಳ್ಳು ಹೇಳಿದೆ" ಎಂದರು. "ಕೋಜಿ ಕೆಟ್ಟರೆ ಇನ್ನೊಂದು ಇಡಬಹುದು. ನೀನು ಬರೆದಿಟ್ಟ ಲೆಕ್ಕವನ್ನು ಇನ್ನು ನಾನು ಹೇಗೆ ನಂಬಲಿ? ಯಾಕೆ ಹೇಳಿದೆ?"

ಆಗಲೇ ನನ್ನ ತಲೆಗೆ ಹೊಳೆದದ್ದು. ನನ್ನ ತಪ್ಪನ್ನು ಸಾಬೀತು ಮಾಡುವ ಅವಸರದಲ್ಲಿ ನಾನು ಸಾಬೀತು ಮಾಡಿದ್ದು ಅವಳ ಸುಳ್ಳನ್ನು.

ನಿಖಿತಾ ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದಳು: "ನಾನು ಅವರ ಮನೆಯಲ್ಲಿ ಊಟ ಮಾಡುತ್ತೇನೆ."

ಗುನಿಲ್ಲಾಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳು ಎನ್ನುವಂತೆ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿನ ಎರಡೂ ತಟ್ಟೆಗಳನ್ನು ಎತ್ತಿಕೊಂಡೆ.

ನನ್ನ ಕಾಗದಕ್ಕೆ ಅವರು ಆವತ್ತೇ ಸಹಿ ಹಾಕಿದರು. ಡಾಕ್ಟರೇಟ್ ಸ್ಥಾನ ಬೇರೆ ಯಾರಿಗೋ ಹೋಯಿತು. ಆ ಭಾನುವಾರ ನಿಖಿತಾ ಊಟಕ್ಕೆ ಬರಲಾರಳು ಎಂದುಕೊಂಡಿದ್ದೆ. ಹನ್ನೆರಡೂವರೆಗೆ ಬೆಲ್ ಆಯಿತು. ನಿವೇದಿತಾ ತಟ್ಟೆ ಹಾಕಿದಳು. ನಿಖಿತಾ ನನ್ನ ಎದುರಿಗೆ ಕೂತು, ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಅಕ್ಕ ಎಂದು ಹೇಳಿ, ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.