ಅಣ್ಣನ ಪಾಲಿನ ಕಟ್ಟಿಗೆ

ಒಂದಾನೊಂದು ಕಾಲದಲ್ಲಿ ಕಾಡಿನ ನಡುವೆ ಮೂರೇ ಗೋಡೆಯ ಮನೆಯೊಂದಿತ್ತಂತೆ. ಅದರ ಹೆಸರು ಲಾವು. ಬಾಗಿಲಿಲ್ಲ, ಬೀಗವಿಲ್ಲ, ನೀನು ಯಾರೆಂದು ಕೇಳುವವರಿಲ್ಲ. ನಡೆದು ದಣಿದವರು ಬೆಂಕಿ ಹಾಕಿಕೊಂಡು ಮಲಗಬಹುದು. ಒಂದೇ ಕಟ್ಟಳೆ: ಹೊರಡುವ ಮುನ್ನ, ಮುಂದೆ ಬರುವವರಿಗಾಗಿ ಕಟ್ಟಿಗೆ ಸೀಳಿ ಗೂಡಿನಲ್ಲಿ ಜೋಡಿಸಿಡಬೇಕು.

"ಸೀಳ್ದೇ ಹೋದ್ರೆ ಏನಾಗುತ್ತಜ್ಜೀ?" ಎಂದು ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ಸೈಮಿ ಕೇಳುತ್ತಿದ್ದಳು.

"ಅವನಿಗೆ ಆಮೇಲೆ ಎಲ್ಲೂ ಬೆಚ್ಚಗಾಗಲ್ಲ ಕಣೇ."

ಅಣ್ಣ ಅಹ್ತಿ ಹೊದಿಕೆಯೊಳಗಿಂದ ಕಿಸಕ್ಕನೆ ನಗುತ್ತಿದ್ದ.

ಅದೇ ಅಹ್ತಿ, ಎರಡು ವರ್ಷಗಳ ಹಿಂದೆ, ಅಂಥದೇ ಒಂದು ಲಾವುವಿನಲ್ಲಿ ರಾತ್ರಿ ಕಳೆದು, ಅಕ್ಟೋಬರಿನ ಒಂದು ಬೆಳಿಗ್ಗೆ, ಬಸ್ಸು ತಪ್ಪೀತೆಂಬ ಅವಸರದಲ್ಲಿ ಕೊನೆಯ ಒಣ ತುಂಡನ್ನೂ ಉರಿಸಿ, ಸೀಳದೆ ಎದ್ದು ಬಂದಿದ್ದ. ಆ ಸಂಜೆ ಹಿಮ ಬೆರೆತ ಮಳೆಯಲ್ಲಿ ತೊಯ್ದ ಮುದುಕನೊಬ್ಬ ಆ ಲಾವು ತಲುಪಿದ. ಹೊರಗೆ ನೆಂದ ದಿಮ್ಮಿಗಳಿದ್ದವು. ಕೊಡಲಿ ಹಿಡಿಯಲು ಅವನ ಬೆರಳುಗಳು ಬಾಗಲಿಲ್ಲ. ಮೂರನೆಯ ದಿನ ಅವನ ದೇಹ ಸಿಕ್ಕಿತು, ಸುತ್ತಲೂ ಗೀರಿ ಬಿಸುಟ ಬೆಂಕಿಕಡ್ಡಿಗಳು.

ಅಹ್ತಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದನೇನೋ. ಈ ವಸಂತದಲ್ಲಿ, ಆಸ್ಪತ್ರೆಯಲ್ಲಿ, ನಾಲ್ಕು ಕಂಬಳಿ ಹೊದ್ದರೂ ನಡುಗುತ್ತ, ತಂಗಿಯ ಕೈ ಹಿಡಿದುಕೊಂಡ.

"ನನ್ನ ಪಾಲಿನ ಕಟ್ಟಿಗೆ ಸೀಳಿಟ್ಟು ಬಾರೇ."

"ಸೀಳ್ತೀನಿ ಕಣೋ. ಮಲ್ಕೋ."

ಅಣ್ಣನ ಮಣ್ಣು ಮುಗಿಸಿ ಅವಳು ಬಂದಾಗ ಲಾವುವಿಗೆ ಚಾವಣಿಯೇ ಇರಲಿಲ್ಲ. ಕಿತ್ತ ಹಲಗೆಗಳನ್ನು ಗಾಡಿಗೆ ಹೇರುತ್ತಿದ್ದ ಕೆಲಸಗಾರ ರೈಮಾ ತಲೆಯೆತ್ತಿದ.

"ತಡ ಮಾಡಿದ್ರಿ ತಾಯಿ! ಈ ದಾರೀನೇ ಮುಚ್ಚಿಬಿಟ್ರು. ಇನ್ಮೇಲೆ ಇಲ್ಲಿಗೆ ಯಾರೂ ಬರಲ್ಲ."

"ಕಟ್ಟಿಗೆ ಸೀಳೋಕೆ ಬಂದೆ."

"ಯಾರಿಗೆ, ಮೊಲಗಳಿಗಾ?" ಎಂದು ನಕ್ಕವನು, ಅವಳ ಮುಖ ನೋಡಿ ಕೈಯಲ್ಲಿದ್ದ ಹಲಗೆ ಕೆಳಗಿಟ್ಟ. "ಗೂಡು ಇವತ್ತಿಗೆ ಇರ್ಲಿ ಬಿಡಿ. ನಾಳೆ ಅದನ್ನೂ ಒಯ್ಯಲೇಬೇಕು. ಸುಮ್ನೆ ಕೈ ನೋಯಿಸ್ಕೋತೀರ ನೋಡಿ."

ಹೋಗುವಾಗ ಅವನು ತಗಡಿನ ಡಬ್ಬಿಯೊಂದನ್ನು ಅವಳ ಕೈಗಿತ್ತ. ಒಳಗೆ ಬಂದುಹೋದವರು ಬರೆಯುವ ಪುಸ್ತಕ. ಸೈಮಿ ಆ ಅಕ್ಟೋಬರಿನ ಪುಟ ಹುಡುಕಿದಳು. ಅಹ್ತಿಯ ದುಂಡು ಅಕ್ಷರ: 'ಒಳ್ಳೆ ಬೆಂಕಿ. ಧನ್ಯವಾದ.' ಅದರ ಕೆಳಗೇ, ವಕ್ರವಕ್ರವಾಗಿ: 'ಒಣ ಕಟ್ಟಿಗೆ ಇಲ್ಲ. ಯಾರಾದರೂ ಬರಬಹುದು, ಕಾಯುತ್ತೇನೆ.'

ಅವಳು ಪುಸ್ತಕ ಮುಚ್ಚಿ ಕೊಡಲಿ ಎತ್ತಿಕೊಂಡಳು.

ತಾಡಪಾಲಿನಡಿ ಉಳಿದಿದ್ದ ಬರ್ಚ್ ಮರದ ದಿಮ್ಮಿಗಳನ್ನು ಒಂದೊಂದಾಗಿ ಸೀಳಿದಳು. ಅಂಗೈ ಬೊಬ್ಬೆ ಒಡೆಯಿತು. ಬೆನ್ನ ಮೇಲೆ ಬೆವರು ಹರಿದರೂ ಮೈ ಬೆಚ್ಚಗಾಗಲೇ ಇಲ್ಲ. ತಂಗಿ ಸೀಳಿದರೆ ಅಣ್ಣನಿಗೆ ಬೆಚ್ಚಗಾಗುತ್ತದೆಯೇ ಎಂಬುದನ್ನು ಅಜ್ಜಿ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಚಾವಣಿಯಿಲ್ಲದ ಗೂಡಿನಲ್ಲಿ ಅವಳು ಜೋಡಿಸಿದ ಒಣ ತುಂಡುಗಳು ಅವಳ ಕಣ್ಣೆದುರೇ ಕಪ್ಪಗೆ ನೆನೆದವು. ಆದರೂ ಜೋಡಿಸಿದಳು. ಬೆಂಕಿ ಹಚ್ಚುವವರಿಗೆಂದು ಬರ್ಚ್ ತೊಗಟೆಯನ್ನೂ ಸುಲಿದು ಮೇಲಿಟ್ಟಳು.

ಒಂದು ತುಂಡು ಉಳಿದಿತ್ತು. ಅದನ್ನೂ ಇಟ್ಟಳು. ಗೂಡು ತುಂಬಿತು.